ಹಿರಿಯರ ನೆನಪು ತಪ್ಪಾಗಿದ್ದರೆ ಅದರಿಂದ ಊರಿನ ಇತಿಹಾಸ ಬರೆಯಬಹುದಾ?

ಬರೆಯಬಹುದು. ಇಸವಿ ತಪ್ಪು ಅಂತ ಸುಮ್ನೆ ತಳ್ಳಿಹಾಕಬೇಡಿ. ಇಟಲಿಯ ತೆರ್ನಿ ಊರಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನ್ಯಾಟೋ ವಿರುದ್ಧದ ಪ್ರತಿಭಟನೆಯಲ್ಲಿ. ಆದರೆ ಎಷ್ಟೋ ಜನ ಅದನ್ನು 1953ರಲ್ಲಿ, ಕಾರ್ಖಾನೆಯಿಂದ ಕೆಲಸಗಾರರನ್ನು ತೆಗೆದಾಗಿನ ಗಲಾಟೆಗೆ ಸೇರಿಸಿ ಹೇಳುತ್ತಿದ್ದರು. ಯಾವ ನೋವು ಜಾಸ್ತಿ ಆಳಕ್ಕಿಳಿದಿತ್ತು ಅಂತ ಆ ತಪ್ಪೇ ಹೇಳುತ್ತದೆ, ಅಲ್ವಾ?

ಮಾತಾಡಿಸಲು ಹೋದಾಗ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. "ಆಗ ಜೀವನ ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಂತ ಮುಗಿದುಹೋಗುತ್ತದೆ. "ನೀರು ಎಲ್ಲಿಂದ ತರ್ತಿದ್ರಿ, ತೋರಿಸ್ತೀರಾ?" ಅಂತ ಕೇಳಿ, ಜೊತೆಗೆ ನಡೆಯಿರಿ. ದಾರಿಯಲ್ಲೇ ಕಥೆ ಬಿಚ್ಚಿಕೊಳ್ಳುತ್ತದೆ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ (ನನಗೆ ಕಷ್ಟವಾಗೋದು ಇದೇ). ಇಸವಿಗಳನ್ನು ಆಮೇಲೆ ದಾಖಲೆಗಳ ಜೊತೆ ತಾಳೆ ನೋಡಬಹುದು.