ಕುರ್ಲಾದಿಂದ ಹಿಂದಕ್ಕೆ ಎಣಿಸಿ: ಮಕ್ಕಳಿರುವವರಿಗೆ ಮುಂಬಯಿಯಲ್ಲಿ ಮನೆ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿಯಿಂದ ಸಂಸಾರ ಸಮೇತ ಬರುತ್ತಿದ್ದೀರಿ. ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ (ಬಿಕೆಸಿ). ಮಗಳು ಎರಡನೇ ಕ್ಲಾಸು ಮುಗಿಸುತ್ತಾಳೆ, ಮಗನಿಗೆ ಎರಡು ವರ್ಷ. ಒಬ್ಬರು ಥಾಣೆ ಅಂತಾರೆ, ಇನ್ನೊಬ್ಬರು ನವಿ ಮುಂಬಯಿ ಅಂತಾರೆ, ಆಫೀಸಿನವರು ಡೊಂಬಿವಲಿಯಲ್ಲಿ ದೊಡ್ಡ ಮನೆ ಸಿಗುತ್ತದೆ ಅಂತಾರೆ. ಮಕ್ಕಳನ್ನು ಬೆಳೆಸಲು ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ.

ನಾನು ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದವಳು. ಮೊದಲು ಡೊಂಬಿವಲಿಯಲ್ಲಿದ್ದೆವು, ಆಮೇಲೆ ಮುಲುಂಡ್‌ಗೆ ಬಂದೆವು. ಎರಡು ಮಕ್ಕಳು ಇಲ್ಲೇ ಬೆಳೆದರು. ಹಾಗಾಗಿ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮುಂಬಯಿಯಲ್ಲಿ ಮನೆಯನ್ನು ಮೊದಲು ನೋಡಬೇಡಿ. ಮೊದಲು ಲೋಕಲ್ ರೈಲಿನ ಲೈನ್ ನೋಡಿ, ಆಮೇಲೆ ಸ್ಟೇಷನ್, ಆಮೇಲೆ ಹಳಿಯ ಈಸ್ಟ್ ಕಡೆಯೋ ವೆಸ್ಟ್ ಕಡೆಯೋ, ಕೊನೆಗೆ ಮನೆ. ನೀವು ಸಂಜೆ ಎಷ್ಟು ಗಂಟೆಗೆ ಬಾಗಿಲು ತಟ್ಟುತ್ತೀರಿ ಎಂಬುದು ಇದರಲ್ಲೇ ನಿಂತಿದೆ. ಎರಡು ವರ್ಷದ ಮಗು ಒಂಬತ್ತು ಗಂಟೆಗೆ ಮಲಗುತ್ತದೆ. ಅಷ್ಟರೊಳಗೆ ನೀವು ಮನೆಯಲ್ಲಿ ಇಲ್ಲದಿದ್ದರೆ ವಾರದ ದಿನಗಳಲ್ಲಿ ಅವನಿಗೆ ಅಪ್ಪನ ಮುಖ ಕಾಣುವುದೇ ಇಲ್ಲ. ನಮ್ಮ ಬಿಲ್ಡಿಂಗ್‌ನಲ್ಲೇ ಅಂಥ ಮನೆಗಳನ್ನು ನೋಡಿದ್ದೇನೆ. ಒಂದು ರೂಮು ಜಾಸ್ತಿ ಇದ್ದರೂ ಆ ಕೊರತೆ ತುಂಬುವುದಿಲ್ಲ.

ನಿಮ್ಮ ವಿಷಯದಲ್ಲಿ ಲೆಕ್ಕ ಕುರ್ಲಾದಿಂದ ಶುರುವಾಗುತ್ತದೆ. ಬಿಕೆಸಿಗೆ ಸೆಂಟ್ರಲ್ ಲೈನಿನವರೂ (ಮುಲುಂಡ್, ಥಾಣೆ, ಡೊಂಬಿವಲಿ) ಹಾರ್ಬರ್ ಲೈನಿನವರೂ (ನವಿ ಮುಂಬಯಿ ಕಡೆ) ಕುರ್ಲಾದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲೋ ಶೇರಿಂಗ್ ರಿಕ್ಷಾದಲ್ಲೋ ಹೋಗುತ್ತಾರೆ. ವೆಸ್ಟರ್ನ್ ಲೈನಿನವರು ಬಾಂದ್ರಾದಲ್ಲಿ ಇಳಿಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಆರೆಯಿಂದ ಬಿಕೆಸಿವರೆಗೆ ನೆಲದಡಿಯ ಮೆಟ್ರೊ ಶುರುವಾಯಿತು. ಘಾಟ್ಕೋಪರ್‌ನಿಂದ ಮೆಟ್ರೊ ಲೈನ್ 1 ಹತ್ತಿ ಮರೋಳ್ ನಾಕಾದಲ್ಲಿ ಬದಲಾಯಿಸಿದರೂ ನಿಮ್ಮ ಆಫೀಸಿನ ಬಳಿ ಇಳಿಯಬಹುದು. ಸ್ವಲ್ಪ ಸುತ್ತು, ಆದರೆ ಮಳೆಗಾಲದಲ್ಲಿ ಕುರ್ಲಾ ಸ್ಟೇಷನ್ ಹೊರಗಿನ ನೀರು, ನೂಕುನುಗ್ಗಲು ತಪ್ಪುತ್ತದೆ.

ಕುರ್ಲಾದಿಂದ ಹಿಂದಕ್ಕೆ ಎಣಿಸಿ. ಮುಲುಂಡ್‌ನಿಂದ ಕುರ್ಲಾಕ್ಕೆ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಥಾಣೆಯಿಂದ ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಹಾರ್ಬರ್ ಲೈನಿನಲ್ಲಿ ವಾಶಿಯಿಂದ ಅರ್ಧ ಗಂಟೆ, ನೆರೂಲ್‌ನಿಂದ ಇನ್ನೊಂದು ಹತ್ತು ನಿಮಿಷ ಜಾಸ್ತಿ. ಡೊಂಬಿವಲಿಯಿಂದ ಮುಕ್ಕಾಲು ಗಂಟೆ ಹತ್ತಿರ. ಕೇಳಿದರೆ ಇದೇನು ದೂರ ಅನ್ನಿಸಬಹುದು. ಆದರೆ ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ಬಂದ ಲೋಕಲ್ ಆಗಲೇ ಕಲ್ಯಾಣ್, ಬದಲಾಪುರದ ಜನರಿಂದ ತುಂಬಿರುತ್ತದೆ. ಬಾಗಿಲಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವಾಗ ಹಾಗೆ ಬಾಗಿಲಿಗೆ ಜೋತುಬಿದ್ದು ಹೋಗಬಾರದು. ಇದನ್ನು ಕೈಮುಗಿದು ಹೇಳುತ್ತೇನೆ. ಥಾಣೆ, ಮುಲುಂಡ್ ಕಡೆಯೂ ನೂಕುನುಗ್ಗಲು ಇದೆ, ಆದರೆ ಥಾಣೆಯಿಂದಲೇ ಹೊರಡುವ ಲೋಕಲ್‌ಗಳಿವೆ, ಅವುಗಳಲ್ಲಿ ಸರಾಗವಾಗಿ ಹತ್ತಬಹುದು.

ಹಾಗೆಂದು ಡೊಂಬಿವಲಿ ಕೆಟ್ಟ ಊರಲ್ಲ. ಸಂಸಾರಸ್ಥರ ಊರು, ಓದಿಗೆ ಬೆಲೆ ಕೊಡುವ ಊರು. ನಮ್ಮವರೂ ಬಹಳ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುತ್ತದೆ. ಮುಲುಂಡ್‌ನ ಒಂದು ಬೆಡ್‌ರೂಮಿನ ಬಾಡಿಗೆಗೆ ಅಲ್ಲಿ ಎರಡು ಬೆಡ್‌ರೂಮಿನ ಮನೆ ಬರುತ್ತದೆ. ಅಲ್ಲೇ ಅಥವಾ ಕಲ್ಯಾಣ್ ಕಡೆ ಕೆಲಸ ಇರುವವರಿಗೆ ನಾನು ಕಣ್ಣುಮುಚ್ಚಿ ಡೊಂಬಿವಲಿ ಅನ್ನುತ್ತೇನೆ. ಒಂದು ಎಚ್ಚರಿಕೆ ಇರಲಿ. ಈಸ್ಟ್ ಕಡೆ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕೆಮಿಕಲ್ ಫ್ಯಾಕ್ಟರಿಗಳಿವೆ. 2016ರಲ್ಲೂ 2024ರಲ್ಲೂ ಮೇ ತಿಂಗಳಲ್ಲಿ ದೊಡ್ಡ ಸ್ಫೋಟಗಳಾಗಿ ಜನ ಸತ್ತರು, ಸುತ್ತಲಿನ ಮನೆಗಳ ಗಾಜು ಒಡೆದವು. ಅದರ ಪಕ್ಕದಲ್ಲಿ ಮಕ್ಕಳನ್ನು ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನೀವು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತೀರಿ. ಆ ಏರಿಯಾದಲ್ಲಿ ಬದುಕುವವರು ನಿಮ್ಮ ಮನೆಯವರು. ತರಕಾರಿ, ಡಾಕ್ಟರು, ಶಾಲೆಯ ವ್ಯಾನು, ಸಂಜೆ ಮಗುವನ್ನು ಆಡಿಸುವ ಜಾಗ, ಮಾತಾಡಲು ಪಕ್ಕದ ಮನೆಯವರು, ಎಲ್ಲ ಅವರ ಪಾಲಿಗೆ. ಆದ್ದರಿಂದ ಮನೆ ನೋಡಲು ಅವರನ್ನೂ ಕರೆತನ್ನಿ. ಗಂಡಸರು ಒಬ್ಬರೇ ಬಂದು ಭಾನುವಾರ ಮನೆ ನೋಡಿ ಅಡ್ವಾನ್ಸ್ ಕೊಟ್ಟುಹೋಗುವ ಪದ್ಧತಿ ನನಗೆ ಸರಿ ಅನ್ನಿಸುವುದಿಲ್ಲ. ಭಾನುವಾರ ಎಲ್ಲ ಏರಿಯಾವೂ ಚೆನ್ನಾಗಿಯೇ ಕಾಣುತ್ತದೆ. ಸೋಮವಾರ ಸಂಜೆ ಏಳಕ್ಕೆ ಬನ್ನಿ. ಸ್ಟೇಷನ್‌ನಿಂದ ಮನೆಗೆ ಮಗುವನ್ನು ಎತ್ತಿಕೊಂಡು ನಡೆಯಲು ಆಗುತ್ತದಾ, ಫುಟ್‌ಪಾತ್ ಇದೆಯಾ, ರಿಕ್ಷಾ ಸಾಲು ಎಷ್ಟು ಉದ್ದ, ಆಗ ಗೊತ್ತಾಗುತ್ತದೆ. ನಡೆದು ಹತ್ತು ಹದಿನೈದು ನಿಮಿಷಕ್ಕಿಂತ ದೂರದ ಮನೆ ಬೇಡ.

ಇದೇ ಕಾರಣಕ್ಕೆ ಥಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಟವರುಗಳು ನನಗೆ ಮನಸ್ಸಿಗೆ ಬರುವುದಿಲ್ಲ. ಈಜುಕೊಳ, ಆಟದ ಜಾಗ, ಸೆಕ್ಯುರಿಟಿ ಎಲ್ಲ ಇದೆ, ಮಕ್ಕಳಿಗೆ ಜೊತೆಯೂ ಸಿಗುತ್ತದೆ. ಆದರೆ ಸ್ಟೇಷನ್ ದೂರ, ರಸ್ತೆಯಲ್ಲಿ ಟ್ರಾಫಿಕ್ ವಿಪರೀತ. ಬೇಸಿಗೆಯಲ್ಲಿ ಹಲವು ಸೊಸೈಟಿಗಳು ಟ್ಯಾಂಕರ್ ನೀರು ತರಿಸುತ್ತವೆ. ಥಾಣೆಯೇ ಬೇಕೆಂದರೆ ನೌಪಾಡಾ ಅಥವಾ ಸ್ಟೇಷನ್ ಹತ್ತಿರದ ಹಳೆಯ ಬಿಲ್ಡಿಂಗ್ ನೋಡಿ. ಲಿಫ್ಟ್ ಇರಲಿಕ್ಕಿಲ್ಲ, ಆದರೆ ಮಾರ್ಕೆಟ್, ಶಾಲೆ, ತಲಾವ್ ಪಾಳಿಯ ಕೆರೆ ಎಲ್ಲ ಕಾಲ್ನಡಿಗೆಯಲ್ಲೇ ಸಿಗುತ್ತವೆ.

ನೀವು ಕೇಳಿದ್ದಕ್ಕೆ ನೇರ ಉತ್ತರ ಬೇಕಲ್ವಾ? ನಿಮಗೆ ನಾನು ಹೇಳುವುದು ಮುಲುಂಡ್, ಇಲ್ಲವಾದರೆ ನೆರೂಲ್.

ಮುಲುಂಡ್ ಮುಂಬಯಿ ಮಹಾನಗರಪಾಲಿಕೆಯ ಕೊನೆಯ ಏರಿಯಾ, ಅದು ದಾಟಿದರೆ ಥಾಣೆ. ನೀರು ಪಾಲಿಕೆಯದು. ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ, ಹಾಗಾಗಿ ಗಾಳಿ ಸ್ವಲ್ಪ ತಂಪು. ಗುಡ್ಡಕ್ಕೆ ಅಂಟಿದ ಸೊಸೈಟಿಗಳಿಗೆ ಚಿರತೆಯೂ ಇಳಿದು ಬರುವುದುಂಟು, ರಾತ್ರಿ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ವೆಸ್ಟ್‌ನಲ್ಲಿ ಕಾಳಿದಾಸ ನಾಟ್ಯಗೃಹದ ಪಕ್ಕ ಪಾಲಿಕೆಯ ಈಜುಕೊಳ, ಕ್ರೀಡಾ ಸಂಕುಲ ಇದೆ. ಈಸ್ಟ್ ಹೆಚ್ಚು ಶಾಂತ, ಮರಾಠಿ ಮಧ್ಯಮ ವರ್ಗದವರು ಜಾಸ್ತಿ. ಐರೋಲಿ ಸೇತುವೆ ದಾಟಿದರೆ ನವಿ ಮುಂಬಯಿಯ ಐಟಿ ಪಾರ್ಕುಗಳು ಹತ್ತಿರ. ನಿಮ್ಮ ಮನೆಯವರು ಮುಂದೆ ಕೆಲಸ ಹುಡುಕುವುದಾದರೆ ಇದು ದೊಡ್ಡ ಅನುಕೂಲ. ಆದರೆ ಕಾಂಜೂರ್‌ಮಾರ್ಗ್‌ನ ಕಸದ ಡಂಪಿಂಗ್ ವಾಸನೆ ಗಾಳಿ ತಿರುಗಿದಾಗ ಈಸ್ಟ್ ಕಡೆ ಬರುತ್ತದೆ. ರಾತ್ರಿ ಕಿಟಕಿ ತೆಗೆದರೆ ಏನಾಗುತ್ತದೆ ಎಂದು ಆ ಬಿಲ್ಡಿಂಗಿನ ಹೆಂಗಸರನ್ನೇ ಕೇಳಿ. ಬ್ರೋಕರ್ ಹೇಳುವುದಿಲ್ಲ.

ನೆರೂಲ್ ಬೇರೆ ಥರದ ಊರು. ನವಿ ಮುಂಬಯಿಯನ್ನು ಕಟ್ಟಲೆಂದೇ 1970ರಲ್ಲಿ ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಶುರುವಾಯಿತು. ಸೆಕ್ಟರುಗಳು, ಅಗಲ ರಸ್ತೆ, ಪ್ರತಿ ಸೆಕ್ಟರಿಗೆ ಗಾರ್ಡನ್. ನೀರು ನವಿ ಮುಂಬಯಿ ಪಾಲಿಕೆಯ ಸ್ವಂತ ಮೋರ್ಬೆ ಅಣೆಕಟ್ಟಿನದು. ಚಳಿಗಾಲದಲ್ಲಿ ಖಾಡಿಯ (ಸಮುದ್ರದ ಹಿನ್ನೀರು) ದಡಕ್ಕೆ ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ, ಮಕ್ಕಳು ಕುಣಿಯುತ್ತಾರೆ. ಖಾರ್‌ಘರ್ ಇನ್ನೂ ಹಸಿರು, ಬಾಡಿಗೆ ಕಡಿಮೆ. ಆದರೆ ಅದು ಪನ್ವೇಲ್ ಪಾಲಿಕೆಗೆ ಸೇರಿದ್ದು, ನೀರಿನ ತಾಪತ್ರಯ ಇದೆ, ತಳೋಜಾ ಕೈಗಾರಿಕೆಗಳ ಹೊಗೆ ರಾತ್ರಿ ಹೊತ್ತು ಬರುತ್ತದೆ. ನಿಮ್ಮ ಕುರ್ಲಾಕ್ಕೂ ದೂರ.

ಚೆಂಬೂರ್ ಹತ್ತಿರವೇ, ಇಡ್ಲಿ ಕಾಫಿಗೆ ಕೊರತೆ ಇಲ್ಲ. ಆದರೆ ಬಾಡಿಗೆ ಏರಿದೆ, ಮಾಹುಲ್ ಕಡೆ ರಿಫೈನರಿಗಳ ಗಾಳಿ. ಬೊರಿವಲಿ, ಕಾಂದಿವಲಿ ಸಂಸಾರಕ್ಕೆ ಒಳ್ಳೆಯವೇ. ಅಲ್ಲಿಂದ ಬಾಂದ್ರಾಕ್ಕೆ ಹೋಗಿಬರುವ ಶಕ್ತಿ ನಿಮಗಿದ್ದರೆ ನೋಡಬಹುದು.

ಮಳೆಯ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಅಂಥ ದಿನ ಮತ್ತೆ ಬರದಿರಲಿ, ಆದರೆ ಪ್ರತಿ ವರ್ಷ ಕೆಲವು ದಿನ ಲೋಕಲ್ ನಿಲ್ಲುವುದು ಖಂಡಿತ. ಕುರ್ಲಾ, ಸಾಯನ್ ತಗ್ಗು ಜಾಗಗಳು, ಹಳಿ ಮುಳುಗುತ್ತದೆ. 2019ರಲ್ಲಿ ಬದಲಾಪುರದ ಹತ್ತಿರ ಉಲ್ಲಾಸ್ ನದಿಯ ನೀರಿನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ಸಿಕ್ಕಿಕೊಂಡಿತ್ತು. ಆದ್ದರಿಂದ ಮನೆ ನೋಡುವಾಗ ಗೋಡೆಯ ಕೆಳಗೆ ನೀರಿನ ಗುರುತು ಇದೆಯಾ ನೋಡಿ. ನೆಲಮಹಡಿ ಬೇಡವೇ ಬೇಡ. ನೀವು ಆಫೀಸಿನಲ್ಲೇ ಸಿಕ್ಕಿಬಿದ್ದ ರಾತ್ರಿ ಮಕ್ಕಳ ಜೊತೆ ನಿಮ್ಮ ಮನೆಯವರೊಬ್ಬರೇ ಇರುತ್ತಾರೆ. ಪಕ್ಕದವರ ಪರಿಚಯ ಜೂನ್‌ಗೆ ಮೊದಲೇ ಮಾಡಿಕೊಳ್ಳಿ.

ಶಾಲೆಗೆ ಬರೋಣ. ಇಲ್ಲಿ ಯಾವ ಬೋರ್ಡಿಗೆ ಸೇರಿಸಿದರೂ ಮರಾಠಿ ಕಲಿಯಲೇಬೇಕು. 2020ರ ಕಾನೂನು ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೂ ಅನ್ವಯಿಸುತ್ತದೆ. ಹೆದರಬೇಡಿ. ಹುಬ್ಬಳ್ಳಿಯವರ ಕಿವಿಗೆ ಮರಾಠಿ ಹೊಸದೇನಲ್ಲ, ಲಿಪಿ ಹಿಂದಿಯದೇ. ಬಿಲ್ಡಿಂಗಿನ ಮಕ್ಕಳ ಜೊತೆ ಬಿಟ್ಟರೆ ದೀಪಾವಳಿಯೊಳಗೆ ಮಗಳೇ ನಿಮಗೆ ಕಲಿಸುತ್ತಾಳೆ. ನೀವೂ ಕಲಿಯಿರಿ. ಈ ನೆಲದಲ್ಲಿ ಮಕ್ಕಳನ್ನು ಬೆಳೆಸುವಾಗ ಇಲ್ಲಿನ ಮಾತು ಆಡುವುದು ಮರ್ಯಾದೆ. ಸಿಬಿಎಸ್‌ಇ ಶಾಲೆಗಳು ಹೆಚ್ಚಿನವು ಏಪ್ರಿಲ್‌ನಲ್ಲಿ, ರಾಜ್ಯ ಬೋರ್ಡಿನವು ಜೂನ್‌ನಲ್ಲಿ ಶುರುವಾಗುತ್ತವೆ. ಮೂರನೇ ಕ್ಲಾಸಿಗೆ ಸೀಟು ಯಾರಾದರೂ ಬಿಟ್ಟರೆ ಮಾತ್ರ ಸಿಗುತ್ತದೆ. ಹಾಗಾಗಿ ಶಾಲೆ ಮೊದಲು ಗಟ್ಟಿ ಮಾಡಿ, ಅದರ ಹತ್ತಿರ ಮನೆ ಹುಡುಕಿ. ಮಗುವನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರಿಸುವುದು ಬೇಡ.

ಮಕ್ಕಳ ಕನ್ನಡದ ಬಗ್ಗೆಯೂ ಕೇಳಿದ್ದೀರಿ. ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇದೆ. ಆದರೆ ಕನ್ನಡ ಮಾಧ್ಯಮಕ್ಕೆ ಮಕ್ಕಳು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ನಿಜ ಹೇಳಬೇಕಲ್ವಾ. ನಾವು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ, ರಾತ್ರಿ ಊಟದ ನಂತರ ಅಕ್ಷರ ಬರೆಸಿದೆವು. ತಿಂಗಳಿಗೊಮ್ಮೆ ಮಾಟುಂಗಾಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. 1926ರಿಂದ ಇರುವ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ, ಭಾಷಣ, ಕರ್ನಾಟಕ ಸಂಘದ ಕಾರ್ಯಕ್ರಮ, ಆಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಊಟ. ಮಕ್ಕಳಿಗೆ ಕನ್ನಡ ಅಂದರೆ ಊಟವೂ ಜನವೂ ಸೇರಿದ ಸಂಭ್ರಮ ಆಯಿತು. ಮುಲುಂಡ್‌ನಿಂದ ಮಾಟುಂಗಾಕ್ಕೆ ಒಂದೇ ಲೋಕಲ್.

ಊರಿಗೆ ಹೋಗಿಬರುವುದೂ ಲೆಕ್ಕದಲ್ಲಿರಲಿ. ಹುಬ್ಬಳ್ಳಿ ಕಡೆಯ ರೈಲುಗಳು ಕಲ್ಯಾಣ್, ಪುಣೆ, ಮಿರಜ್ ಮೇಲೆ ಹೋಗುತ್ತವೆ. ಹಾಗಾಗಿ ಥಾಣೆ, ಮುಲುಂಡ್ ಕಡೆ ನಿಮಗೆ ಸುಲಭ. ಬಸ್ಸಾದರೆ ವಾಶಿ, ಪನ್ವೇಲ್ ಕಡೆಯವರಿಗೆ ಅನುಕೂಲ. ನಿಮ್ಮ ತಂದೆತಾಯಿ ಬಂದುಹೋಗುವುದಿದ್ದರೆ ಇದು ಸಣ್ಣ ವಿಷಯವಲ್ಲ.

ಮನೆ ಕೊಳ್ಳುವ ಆಸೆ ಈಗಲೇ ಬೇಡ. ಮೊದಲ ವರ್ಷ ಬಾಡಿಗೆಗೆ ಇರಿ. ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ನಡೆಯುತ್ತದೆ, ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ. ಅದನ್ನು ರಿಜಿಸ್ಟರ್ ಮಾಡಿಸುವುದು ಕಡ್ಡಾಯ. ಸುಮ್ನೆ ಸ್ಟಾಂಪ್ ಪೇಪರ್ ಮೇಲೆ ಬರೆದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದೇ ಕಾಗದ ಮುಂದೆ ಗ್ಯಾಸ್‌ಗೆ, ಶಾಲೆಗೆ, ವಿಳಾಸದ ಪುರಾವೆಗೆ ಬೇಕಾಗುತ್ತದೆ. ಮಗಳು ಮುಂದೆ ಡಾಕ್ಟರೋ ಇಂಜಿನಿಯರೋ ಆಗಬೇಕೆಂದರೆ ರಾಜ್ಯದ ಕೋಟಾಕ್ಕೆ ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಎಂಬ ಸರ್ಟಿಫಿಕೇಟ್ ಕೇಳುತ್ತಾರೆ. ಅದಕ್ಕೆ ಹಲವು ವರ್ಷ ಇಲ್ಲಿದ್ದ ದಾಖಲೆ ಬೇಕು. ಮೊದಲ ಅಗ್ರಿಮೆಂಟಿನಿಂದಲೇ ಎಲ್ಲ ಕಾಗದ ಒಂದು ಫೈಲಿನಲ್ಲಿ ಜೋಡಿಸಿಡಿ.

ಮಗಳ ಶಾಲೆಯಿಂದ ಟಿಸಿ ತರುವಾಗ ಬಿಇಒ ಕಚೇರಿಯ ಸಹಿ ಹಾಕಿಸಿಕೊಂಡೇ ಬನ್ನಿ. ಬೇರೆ ರಾಜ್ಯದ ಟಿಸಿಗೆ ಇಲ್ಲಿನ ಶಾಲೆಗಳು ಅದನ್ನು ಕೇಳುತ್ತವೆ. ಮನೆ ನೋಡಲು ಇಬ್ಬರೂ ಬರುವ ದಿನ ಗೊತ್ತಾದರೆ ತಿಳಿಸಿ. ಮಕ್ಕಳನ್ನು ನಮ್ಮ ಮನೆಯಲ್ಲಿ ಬಿಟ್ಟು ನೀವು ಆರಾಮವಾಗಿ ಮುಲುಂಡ್ ಸುತ್ತಬಹುದು.