ವರ್ಚುವಲ್ ಲೋಕದ ಫಲಕದಲ್ಲಿ ಯಾವ ಜಾಗಕ್ಕೆ ಕ್ಲಿಕ್ ಆಯಿತು ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದಲ್ಲಿ ನಮ್ಮ ಮೆಟ್ರೋ ನಕ್ಷೆಯ ಫಲಕ ಮಾಡಿದ್ದೇನೆ. ಯಾರಾದರೂ ಮೆಜೆಸ್ಟಿಕ್ ಮೇಲೆ ಒತ್ತಿದರೋ ವೈಟ್‌ಫೀಲ್ಡ್ ಮೇಲೋ ಎಂದು ಗೊತ್ತಾಗುವುದು ಹೇಗೆ? ಪ್ರತಿ ನಿಲ್ದಾಣಕ್ಕೂ ಬೇರೆ ಬಟನ್ ಬೇಕಾ?

ಉತ್ತರ: ಬೇಡ. ಒಂದೇ ಫಲಕ, ಒಂದೇ ಸ್ಕ್ರಿಪ್ಟ್ (ಫಲಕದೊಳಗೆ ಹಾಕುವ ಪುಟ್ಟ ಪ್ರೋಗ್ರಾಂ) ಸಾಕು. ಟಚ್ ಈವೆಂಟ್, ಅಂದರೆ ಯಾರಾದರೂ ಒತ್ತಿದಾಗ ಓಡುವ ಸ್ಕ್ರಿಪ್ಟಿನ ಭಾಗದ ಒಳಗೆ 'ಎಲ್ಎಲ್‌ಡಿಟೆಕ್ಟೆಡ್‌ಟಚ್‌ಎಸ್‌ಟಿ' (llDetectedTouchST) ಎಂಬ ಫಂಕ್ಷನ್ ಕರೆಯಿರಿ. ಒತ್ತಿದ ಜಾಗ ಎರಡು ಸಂಖ್ಯೆಗಳಾಗಿ ಸಿಗುತ್ತದೆ. ಎಡದಿಂದ ಬಲಕ್ಕೆ 0ಯಿಂದ 1, ಕೆಳಗಿನಿಂದ ಮೇಲಕ್ಕೆ 0ಯಿಂದ 1.

ಇದು ಹೇಗೆ ಸಾಧ್ಯ ಅಂದರೆ, ನೀವು ಒತ್ತಿದಾಗ ನಿಮ್ಮ ಕಂಪ್ಯೂಟರಿನಲ್ಲಿ ಆ ಲೋಕವನ್ನು ತೋರಿಸುವ ಪ್ರೋಗ್ರಾಂ, ಅಂದರೆ ವ್ಯೂವರ್, ಆ ಲೋಕದೊಳಗೆ ನೀವು ನೋಡುತ್ತಿರುವ ಜಾಗದಿಂದ (ಅದನ್ನು ಕ್ಯಾಮೆರಾ ಅನ್ನುತ್ತಾರೆ) ಮೌಸ್ ತುದಿಯ ಮೂಲಕ ಒಂದು ನೇರ ಗೆರೆ ಎಳೆಯುತ್ತದೆ. ಸುಮ್ನೆ ಲೆಕ್ಕದ ಗೆರೆ, ಕಣ್ಣಿಗೆ ಕಾಣುವುದಲ್ಲ. ಅದು ಮೊದಲು ತಾಗಿದ ವಸ್ತುವೇ ನೀವು ಒತ್ತಿದ್ದು. ವಸ್ತುವಿನ ಮೈಯೆಲ್ಲ ಪುಟ್ಟ ತ್ರಿಕೋನಗಳು. ಪ್ರತಿ ಮೂಲೆಗೂ ಚಿತ್ರದ ಯಾವ ಬಿಂದು ಅಲ್ಲಿ ಕೂರುತ್ತದೆ ಎಂಬುದು ಮೊದಲೇ ಬರೆದಿರುತ್ತದೆ. ಗೆರೆ ತಾಗಿದ ಜಾಗ ಯಾವ ಮೂಲೆಗೆ ಎಷ್ಟು ಹತ್ತಿರ ಎಂದು ನೋಡಿ, ಅಲ್ಲಿ ಚಿತ್ರದ ಯಾವ ಬಿಂದು ಇದೆ ಎಂದು ವ್ಯೂವರ್ ಲೆಕ್ಕ ಹಾಕುತ್ತದೆ. ಹಾಗಾಗಿ ಫಲಕವನ್ನು ಓರೆಯಾಗಿ ನಿಲ್ಲಿಸಿದರೂ, ದೂರದಿಂದ ಒತ್ತಿದರೂ ಉತ್ತರ ಬದಲಾಗುವುದಿಲ್ಲ.

ನಿಲ್ದಾಣಕ್ಕೊಂದು ಚೌಕ ಗುರುತಿಸುವ ಗೋಜು ಬೇಡ ಅಂತ ನನ್ನ ಸಲಹೆ. ಪ್ರತಿ ನಿಲ್ದಾಣದ ಬಿಂದು ಬರೆದಿಟ್ಟು, ಒತ್ತಿದ ಜಾಗಕ್ಕೆ ಅತಿ ಹತ್ತಿರದ್ದನ್ನು ಆರಿಸಿ. ಬೆರಳು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ, ಅಲ್ವಾ?

ಆದರೆ ಮೊದಲು 'ಎಲ್ಎಲ್‌ಡಿಟೆಕ್ಟೆಡ್‌ಟಚ್‌ಫೇಸ್' (llDetectedTouchFace) ಬಳಸಿ ಫಲಕದ ಯಾವ ಮುಖಕ್ಕೆ ಒತ್ತಿದ್ದು ಎಂದು ನೋಡಿ. ಫಲಕದ ಬೆನ್ನಿಗೆ ಒತ್ತಿದರೂ ಸಂಖ್ಯೆ ಬರುತ್ತದೆ. ‑1 ಬಂದರೆ ಜಾಗ ಸಿಕ್ಕಿಲ್ಲ ಎಂದರ್ಥ, ಆ ಕ್ಲಿಕ್ ಬಿಟ್ಟುಬಿಡಿ.