ಗರ್ಭಿಣಿಗೆ ಅಪೆಂಡಿಸೈಟಿಸ್ ಅನುಮಾನವಿದ್ದಾಗ ಎಂಆರ್‌ಐ ಮಾಡಿಸಬಹುದೇ?

ನಿಮ್ಮ ತಂಗಿಗೆ 24 ವಾರ ತುಂಬಿದೆ, ನಿನ್ನೆಯಿಂದ ಬಲಹೊಟ್ಟೆಯಲ್ಲಿ ನೋವು, ವಾಂತಿ ಇದೆ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ವರದಿಯಲ್ಲಿ ಅಪೆಂಡಿಕ್ಸ್ (ದೊಡ್ಡ ಕರುಳಿನ ಆರಂಭಕ್ಕೆ ಅಂಟಿಕೊಂಡ ಸಣ್ಣ ಕೊಳವೆ) ಕಾಣಿಸಲಿಲ್ಲ ಎಂದು ಬರೆದಿದ್ದಾರೆ, ಈಗ ವೈದ್ಯರು ಎಂಆರ್‌ಐ ಹೇಳಿದ್ದಾರೆ, ಆದರೆ ಮಗುವಿಗೆ ತೊಂದರೆಯಾದೀತೆಂದು ಮನೆಯ ಹಿರಿಯರು ಹೆದರಿದ್ದಾರೆ ಎಂದು ಕೇಳಿದ್ದೀರಿ. ರೇಡಿಯಾಲಜಿಸ್ಟ್ ಆಗಿ ಇಂಥ ವರದಿಗಳನ್ನು ನಾನೂ ಬರೆಯುತ್ತೇನೆ. ದಯವಿಟ್ಟು ಎಂಆರ್‌ಐ ಮಾಡಿಸಿ, ಇಂದೇ ಮಾಡಿಸಿ.

ಆ ವರದಿಯಿಂದ ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸಿನ ಉರಿಯೂತ, ಇಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ನಾವು ಹೊಟ್ಟೆಯ ಮೇಲೆ ಆಡಿಸುವ ಉಪಕರಣವಾದ ಪ್ರೋಬನ್ನು ನಿಧಾನವಾಗಿ ಒತ್ತುತ್ತ, ಕರುಳಿನ ಗಾಳಿಯನ್ನು ಪಕ್ಕಕ್ಕೆ ಸರಿಸಿ, ಒಂದು ತುದಿ ಮುಚ್ಚಿರುವ, ಒತ್ತಿದರೂ ಚಪ್ಪಟೆಯಾಗದ, 6 ಮಿಲಿಮೀಟರಿಗಿಂತ ದಪ್ಪವಾದ ಕೊಳವೆಯೊಂದನ್ನು ಹುಡುಕುತ್ತೇವೆ. ಆರನೆಯ ತಿಂಗಳಿನಲ್ಲಿ ಗರ್ಭಕೋಶ ಹೊಕ್ಕುಳಿನ ಮಟ್ಟವನ್ನು ದಾಟಿರುವುದರಿಂದ ಒತ್ತುವುದಕ್ಕೆ ಜಾಗವೇ ಸಾಲದು. ಅಪೆಂಡಿಕ್ಸ್ ಕೂಡ ತನ್ನ ಮಾಮೂಲಿ ಜಾಗ ಬಿಟ್ಟು ಮೇಲಕ್ಕೆ ಸರಿದಿರಬಹುದು. ಇಂಥವರನ್ನು ಎಡಮಗ್ಗುಲಿಗೆ ಮಲಗಿಸಿ, ನೋವು ಎಲ್ಲಿದೆಯೆಂದು ಒಂದೇ ಬೆರಳಿನಿಂದ ತೋರಿಸಲು ಹೇಳಿ, ಅಲ್ಲಿಂದಲೇ ಹುಡುಕಲು ಶುರುಮಾಡುತ್ತೇನೆ. ಆದರೂ ಎಷ್ಟೋ ಸಲ ಸಿಗುವುದಿಲ್ಲ. ಹಾಗೆಂದು ಆ ಸ್ಕ್ಯಾನಿಂಗ್ ವ್ಯರ್ಥವಾಯಿತೆಂದು ತಿಳಿಯಬೇಡಿ. ಮಗುವಿನ ಎದೆಬಡಿತ, ಮಾಸು, ಅಂಡಾಶಯ, ಮೂತ್ರಪಿಂಡದ ಕಲ್ಲು ಇವನ್ನೆಲ್ಲ ನೋಡಲು ಮೊದಲು ಮಾಡಬೇಕಾದದ್ದು ಅದೇ. ರಕ್ತಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ, ಏಕೆಂದರೆ ಸೋಂಕಿದ್ದಾಗ ಏರುವ ಬಿಳಿ ರಕ್ತಕಣಗಳ ಸಂಖ್ಯೆ ಬಸುರಿನಲ್ಲಿ ತಾನಾಗಿಯೇ ಏರಿರುತ್ತದೆ.

ಎಂಆರ್‌ಐಯಲ್ಲಿ ಎಕ್ಸ್-ರೇ ಇಲ್ಲ. ಅದು ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ಕೆಲಸ ಮಾಡುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 14 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಆದ ತಾಯಂದಿರ ಮಕ್ಕಳಿಗೂ ಅದರಿಂದ ಹಾನಿಯಾದದ್ದು ಕಂಡುಬರಲಿಲ್ಲ. ಅದೇ ಅಧ್ಯಯನ ಎಚ್ಚರಿಸಿದ್ದು ಚಿತ್ರ ಇನ್ನಷ್ಟು ಸ್ಪಷ್ಟವಾಗಲೆಂದು ಕೆಲವು ಎಂಆರ್‌ಐಗಳಲ್ಲಿ ಕೊಡುವ ಗ್ಯಾಡೊಲಿನಿಯಂ ಎಂಬ ಚುಚ್ಚುಮದ್ದಿನ ಬಗ್ಗೆ. ಅಪೆಂಡಿಕ್ಸ್ ನೋಡುವುದಕ್ಕೆ ಆ ಮದ್ದು ಬೇಕಾಗಿಯೇ ಇಲ್ಲ, ಗರ್ಭಿಣಿಯರಿಗೆ ನಾವು ಅದನ್ನು ಕೊಡುವುದೂ ಇಲ್ಲ. ಒಳಗೆ ಹೋಗುವ ಮುನ್ನ ಮಾಂಗಲ್ಯ, ಕಾಲುಂಗುರ, ಬಟ್ಟೆಗೆ ಚುಚ್ಚಿಕೊಂಡ ಪಿನ್ನುಗಳನ್ನೆಲ್ಲ ತೆಗೆಯಬೇಕು; ಮಾಂಗಲ್ಯ ತೆಗೆಯಲು ಹಿರಿಯರು ಒಪ್ಪುವುದು ತಡವಾಗಬಹುದು, ಈಗಲೇ ಹೇಳಿಡಿ. ಯಂತ್ರದ ಸದ್ದು ಜೋರಾಗಿರುವುದರಿಂದ ಕಿವಿ ಮುಚ್ಚಿಕೊಳ್ಳುವ ಸಾಧನ ಕೊಡುತ್ತಾರೆ. ಆಗಾಗ ಕೆಲವು ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ, ಆಕೆ ಅಲುಗಾಡದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ.

ನಿಮ್ಮೂರಿನಲ್ಲಿ ರಾತ್ರಿ ಎಂಆರ್‌ಐ ಸಿಗದೆ, ಬೇರೆ ಊರಿಗೆ ಕರೆದೊಯ್ಯಲೂ ಆಗದೆ, ವೈದ್ಯರು ಎಕ್ಸ್-ರೇ ಬಳಸುವ ಸಿಟಿ ಸ್ಕ್ಯಾನ್ ಎಂದರೆ ಗಾಬರಿಯಾಗಬೇಡಿ. ಹೊಟ್ಟೆಯ ಒಂದು ಸಿಟಿಯಿಂದ ಮಗುವಿಗೆ ತಗಲುವ ವಿಕಿರಣ ಸಾಮಾನ್ಯವಾಗಿ 25 ಮಿಲಿಗ್ರೇ (ವಿಕಿರಣವನ್ನು ಅಳೆಯುವ ಮಾನ) ಆಸುಪಾಸಿನಲ್ಲಿರುತ್ತದೆ. 50 ಮಿಲಿಗ್ರೇಗಿಂತ ಕಡಿಮೆ ಪ್ರಮಾಣದಲ್ಲಿ ಗರ್ಭಪಾತವಾಗಲಿ ಅಂಗವೈಕಲ್ಯವಾಗಲಿ ಹೆಚ್ಚಿದ್ದು ಕಂಡುಬಂದಿಲ್ಲ. ಮುಂದೆ ಬಾಲ್ಯದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಅತ್ಯಲ್ಪ ಹೆಚ್ಚಬಹುದೆಂಬ ಕಾರಣಕ್ಕೆ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆಯೇ ಹೊರತು, ಅದು ನಿಷಿದ್ಧವಲ್ಲ.

ಹಿರಿಯರಿಗೆ ತಿಳಿಸಬೇಕಾದ ನಿಜವಾದ ಅಪಾಯವೇ ಬೇರೆ. ಅಪೆಂಡಿಕ್ಸ್ ಒಡೆದರೆ ಕೀವು ಹೊಟ್ಟೆಯೊಳಗೆ ಹರಡಿ, ಅವಧಿಗೆ ಮುಂಚೆ ಹೆರಿಗೆಯಾಗುವ ಮತ್ತು ಮಗುವನ್ನು ಕಳೆದುಕೊಳ್ಳುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಇನ್ನೊಂದು ಕಡೆ, ಬರೀ ಅನುಮಾನದ ಮೇಲೆ ಹೊಟ್ಟೆ ತೆರೆದು, ಅಪೆಂಡಿಕ್ಸ್ ಚೆನ್ನಾಗಿಯೇ ಇತ್ತೆಂದು ಆಮೇಲೆ ತಿಳಿದರೆ ಅದೂ ಬಸುರಿಗೆ ಒಳ್ಳೆಯದಲ್ಲ. ಈ ಎರಡನ್ನೂ ತಪ್ಪಿಸುವುದಕ್ಕಾಗಿಯೇ ಆ ಚಿತ್ರ ಬೇಕು.

ಅಲ್ಲಿಯವರೆಗೆ ಆಕೆಗೆ ಊಟ, ನೀರು ಕೊಡುವ ಮುನ್ನ ವೈದ್ಯರನ್ನು ಕೇಳಿ, ಶಸ್ತ್ರಚಿಕಿತ್ಸಕರು ಮತ್ತು ಪ್ರಸೂತಿ ತಜ್ಞರು ಇಬ್ಬರೂ ಇರುವ ಆಸ್ಪತ್ರೆಯಲ್ಲೇ ಇರಿಸಿ. ನೋವು ಇದ್ದಕ್ಕಿದ್ದಂತೆ ಇಳಿದರೆ ವಾಸಿಯಾಯಿತೆಂದು ಮನೆಗೆ ಕರೆತರಬೇಡಿ; ಅಪೆಂಡಿಕ್ಸ್ ಒಡೆದಾಗಲೂ ಸ್ವಲ್ಪ ಹೊತ್ತು ಹಾಗೆಯೇ ಆಗುವುದುಂಟು, ಕೂಡಲೇ ವೈದ್ಯರಿಗೆ ತಿಳಿಸಿ.